ಉಬ್ಬಿದ ಬ್ಯಾಟರಿ, ತೀನ್ ಕಂದಿಲ್ ಹತ್ತಿರದ ರಿಪೇರಿ ಅಂಗಡಿ

ರಾಯಚೂರಿನ ಬಿಸಿಲಿಗೆ ನನ್ನ ಫೋನಿನ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿ, ಹಿಂದಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ, "ಈ ಮಾಡೆಲ್‌ಗೆ ಬ್ಯಾಟರಿ ಬರಲ್ಲ ಸರ್, ಹೊಸ ಫೋನ್ ತಗೊಳ್ಳಿ" ಅಂದರು. ನಾಲ್ಕೇ ವರ್ಷದ ಫೋನ್! ಹೊಸದಕ್ಕೆ 18% ಜಿಎಸ್‌ಟಿ ಬೇರೆ. 2020ರ ಏಪ್ರಿಲ್‌ಗೆ ಮೊದಲು ಅದು 12% ಇತ್ತು.

ಕೊನೆಗೆ ತೀನ್ ಕಂದಿಲ್ ಹತ್ತಿರದ ಸಣ್ಣ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಅಣ್ಣ ಫೋನನ್ನು ಬಿಸಿ ತಟ್ಟೆ ಮೇಲಿಟ್ಟರು. ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ತೂರಿಸಿ ನಿಧಾನಕ್ಕೆ ಸುತ್ತ ಎಳೆದರು. ಅಂಟು ಎಳೆ ಎಳೆಯಾಗಿ ಬಂತು. "ಮೊದಲು ಉಗುರಲ್ಲೇ ಮುಚ್ಚಳ ತೆಗೀತಿದ್ವಿ ಸರ್, ಈಗ ಎಲ್ಲಾ ಗೋಂದು" ಅಂದರು. 40 ನಿಮಿಷ, 950 ರೂಪಾಯಿ, ಚೀಟಿ ಮೇಲೆ ಬರೆದುಕೊಟ್ಟ ಮೂರು ತಿಂಗಳ ಗ್ಯಾರಂಟಿ. ಒಂದೇ ಕೊರತೆ: ಕಂಪನಿಯ ಅಸಲಿ ಬ್ಯಾಟರಿ ಅವರಿಗೂ ಸಿಗಲ್ಲ.

ಅದು ಅವರ ತಪ್ಪಲ್ಲ, ಕಂಪನಿ ಕೊಡಬೇಕಲ್ಲ. ಕಾನೂನು ಗಟ್ಟಿಯಿದ್ದರೆ ಎಂಥ ದೊಡ್ಡ ಕಂಪನಿಯೂ ಬಗ್ಗುತ್ತದೆ. ಯುರೋಪ್ 2022ರಲ್ಲಿ ಎಲ್ಲ ಫೋನಿಗೂ ಒಂದೇ ಚಾರ್ಜರ್ ಅಂದಿತು. ಮರುವರ್ಷವೇ ಆಪಲ್‌ನ ಐಫೋನ್ 15 ಅದೇ ಚಾರ್ಜರ್‌ನ ಯುಎಸ್‌ಬಿ-ಸಿ ಕಿಂಡಿ ಜೊತೆ ಬಂತು, ನಮ್ಮೂರಿಗೂ ಅದೇ ಬಂತು ಅಲ್ವಾ? ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಸಿಕೊಳ್ಳೋ ಹಕ್ಕು) ಅನ್ನೋ ಪೋರ್ಟಲ್, ಅಂದರೆ ರಿಪೇರಿ ಮಾಹಿತಿಯ ವೆಬ್‌ಸೈಟ್, ಶುರು ಮಾಡಿದೆ. ಆದರೆ ಸುಮ್ನೆ ಪೋರ್ಟಲ್ ಸಾಲದು. ಇಂಥ ಅಂಗಡಿಗೂ ಬಿಡಿಭಾಗ ಮಾರಲೇಬೇಕು ಅನ್ನೋ ನಿಯಮ ಬೇಕು.

ಸಂಜೆ ಜನ ಜಾಸ್ತಿ. ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ.