ಪಾಲಿಮರ್ ಡಾಂಬರು ದುಡ್ಡಿಗೆ ತಕ್ಕಂತೆ ಬಾಳುತ್ತದಾ?

ಪುಣೆಯಲ್ಲಿ ರಸ್ತೆ ಗುತ್ತಿಗೆದಾರರೊಬ್ಬರ ಲ್ಯಾಬಿನಲ್ಲಿ ಡಾಂಬರು ಪರೀಕ್ಷೆ ಮಾಡುವುದು ನನ್ನ ಕೆಲಸ. ಊರು ಬೆಳಗಾವಿ. ಹೆದ್ದಾರಿ 48ರಲ್ಲಿ ಬಸ್ ಹತ್ತಿದರೂ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಪಿಎಂಬಿಗೆ, ಅಂದರೆ ಪಾಲಿಮರ್ ಬೆರೆಸಿದ ಡಾಂಬರಿಗೆ, ಅಷ್ಟು ದುಡ್ಡು ಸುರಿಯಬೇಕಾ ಎಂದು ಇಲ್ಲಿರುವ ನಮ್ಮ ಕಡೆಯ ಸಣ್ಣ ಗುತ್ತಿಗೆದಾರರು ಕೇಳುತ್ತಲೇ ಇರುತ್ತಾರೆ. ಏರುದಾರಿಯ ಎಡ ಲೇನಿಗಾದರೆ ಹಿಂದೆಮುಂದೆ ನೋಡದೆ ಹಾಕಿ.

ಪುಣೆ-ಸಾತಾರಾ ನಡುವಿನ ಖಂಬಾಟ್ಕಿ ಘಾಟಿನಲ್ಲಿ ಲೋಡ್ ಲಾರಿ ತೆವಳುವುದನ್ನು ನೋಡಿದ್ದೀರಲ್ಲ. ಚಕ್ರ ಒಂದೇ ಜಾಗವನ್ನು ಎಷ್ಟು ಹೊತ್ತು ಒತ್ತುತ್ತದೋ ಡಾಂಬರು ಅಷ್ಟು ಸರಿಯುತ್ತದೆ. ಅದೇ ಲಾರಿ ಸಮತಟ್ಟಿನಲ್ಲಿ ವೇಗವಾಗಿ ಹೋದರೆ ಇಷ್ಟು ಹಾನಿಯಿಲ್ಲ. ಮೇ ತಿಂಗಳಲ್ಲಿ ರಸ್ತೆಯ ಮೈ 60 ಡಿಗ್ರಿ ಮುಟ್ಟುತ್ತದೆ. ಪಾಲಿಮರ್ ಇಲ್ಲದ ಸಾದಾ ಡಾಂಬರು ವಿಜಿ-30ರ ಮೆದುವಾಗುವ ಬಿಂದು ಕನಿಷ್ಠ 47 ಡಿಗ್ರಿ ಇದ್ದರೆ ಸಾಕು ಅನ್ನುತ್ತದೆ ನಮ್ಮ ಮಾನದಂಡ. ಚಕ್ರದ ಜಾಡು ಬೀಳದೆ ಇನ್ನೇನಾದೀತು?

ಪಾಲಿಮರಿನ ಕಸುವು ನನಗೆ ಮನವರಿಕೆಯಾಗುವುದು ಲ್ಯಾಬಿನಲ್ಲಿ. 15 ಡಿಗ್ರಿ ನೀರಿನಲ್ಲಿ ಡಾಂಬರಿನ ತುಂಡನ್ನು 10 ಸೆಂಟಿಮೀಟರ್ ಎಳೆದು, ನಡುವೆ ಕತ್ತರಿಸಿ, ಒಂದು ಗಂಟೆ ಬಿಡುತ್ತೇವೆ. ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರ್ ಬೆರೆಸಿದ ಒಳ್ಳೆಯ ಮಾಲು ಏಳು ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದಿರುತ್ತದೆ. ಸಾದಾದ್ದು ಬಹುಪಾಲು ಎಳೆದಲ್ಲೇ ಬಿದ್ದಿರುತ್ತದೆ. ಲಾರಿ ದಾಟಿದ ಮೇಲೆ ರಸ್ತೆ ಮಾಡಬೇಕಾದದ್ದೂ ಇದನ್ನೇ.

ಟೈರ್ ಪುಡಿ ಬೆರೆಸಿದ ಡಾಂಬರು, ಸಿಆರ್‌ಎಂಬಿ, ಅಗ್ಗ. ಹಳೇ ಟೈರಿಗೂ ಒಂದು ಗತಿ ಸಿಗುತ್ತದೆ, ಅದು ನನಗೆ ನಿಜಕ್ಕೂ ಇಷ್ಟ. ಆದರೆ ಟ್ಯಾಂಕಿನಲ್ಲಿ ಕಲಕುತ್ತಲೇ ಇರಬೇಕು. ಒಬ್ಬ ಸರಬರಾಜುದಾರ ಕಳಿಸಿದ ಟ್ಯಾಂಕರಿನಲ್ಲಿ ಮೇಲಿನ ಮಾದರಿ ಚೆನ್ನಾಗೇ ಇತ್ತು, ತಳದಲ್ಲಿ ರಬ್ಬರ್ ಅಂಬಲಿಯ ಗಷ್ಟದ ಹಾಗೆ ಕೂತಿತ್ತು. ವಾಪಸ್ ಕಳಿಸಿದೆವು. ಪಿಎಂಬಿಯನ್ನೂ ಅತಿಯಾಗಿ, ದಿನಗಟ್ಟಲೆ ಕಾಯಿಸಿದರೆ ಪಾಲಿಮರ್ ಸತ್ತುಹೋಗುತ್ತದೆ. ಆಮೇಲೆ ನೀವು ದುಡ್ಡು ಕೊಟ್ಟಿದ್ದು ಬರೀ ಹೆಸರಿಗೆ.

ಮಳೆನೀರು ನಿಲ್ಲುವ ಕಡೆ ಇದರಿಂದ ಪವಾಡ ಬಯಸಬೇಡಿ. ಚರಂಡಿ ಕಟ್ಟಿಕೊಂಡು ನೀರು ನಿಂತರೆ ಪಿಎಂಬಿಯೂ ಜಲ್ಲಿ ಬಿಡುತ್ತದೆ. ನಮ್ಮ ಪುಣೆಯ ಜಂಗಲಿ ಮಹಾರಾಜ್ ರಸ್ತೆಯನ್ನೇ ನೋಡಿ: 1970ರ ದಶಕದಲ್ಲಿ ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಹಾಕಿದ್ದು, ದಶಕಗಟ್ಟಲೆ ಗುಂಡಿ ಬೀಳದೆ ಹೆಸರಾಯಿತು. ಪಾಲಿಮರ್ ಡಾಂಬರು ಇಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲಿನ ಮಾತು ಅದು; ಅಂದರೆ ಪಾಲಿಮರ್ ಇಲ್ಲದೆಯೂ ರಸ್ತೆ ಬಾಳಬಲ್ಲದು.

ಕೊಳ್ಳುವವರು ಸರ್ಟಿಫಿಕೇಟ್ ನೋಡಿ ಸುಮ್ಮನಾಗಬೇಡಿ. ಟ್ಯಾಂಕರ್ ಬಂದ ಕೂಡಲೇ ತಳದಿಂದಲೂ ಮಾದರಿ ತೆಗೆಯಿರಿ. ಫಲಿತಾಂಶ ಕೈಗೆ ಬರುವವರೆಗೆ ವಾಲ್ವ್ ತೆರೆಯಲು ಬಿಡಬೇಡಿ, ಪ್ಲಾಂಟಿನವರು ಎಷ್ಟೇ ಅವಸರ ಮಾಡಲಿ.