ಬ್ರೌನ್ ಶುಗರ್ ಬಿಡಿಸೋಣ ಅಂತ ತಮ್ಮನನ್ನು ಕೂಡಿಹಾಕಿಸಿದೆವು, ನೀವು ಹಾಗೆ ಮಾಡಬೇಡಿ

ನನ್ನ ತಮ್ಮನನ್ನು ಆ ಕೇಂದ್ರಕ್ಕೆ ಸೇರಿಸಿದ್ದು ನಾನೇ. ದುಡ್ಡು ಕಟ್ಟಿದವಳೂ ನಾನೇ, ಕಾಗದಕ್ಕೆ ಸಹಿ ಹಾಕಿದವಳೂ ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವನನ್ನು ಕೇಳಿದೆ. "ಬರಿ ಅಕ್ಕ, ಹೆಸರು ಮಾತ್ರ ಬೇಡ" ಅಂದ.

ನಮ್ಮದು ಕುಂದಾಪುರದ ಕಡೆ. ನಮ್ಮೂರಿನ ಹುಡುಗರು ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋಗುವುದು ಹೊಸತೇನಲ್ಲ. ತಮ್ಮ ಪಿಯುಸಿ ಮುಗಿಸಿ ಹೋದ, ಆರು ವರ್ಷ ಅಲ್ಲೇ ಇದ್ದ. ಹೋಟೆಲ್ ಬಾಗಿಲು ಹಾಕುವಾಗ ರಾತ್ರಿ ಒಂದು ಗಂಟೆ, ಬೆಳಿಗ್ಗೆ ಐದಕ್ಕೆ ಮತ್ತೆ ಏಳಬೇಕು. ಮೈಕೈ ನೋವು ಅಂದಾಗ ರೂಮಿನವನೊಬ್ಬ ಕೊಟ್ಟದ್ದು ಗರ್ದ್. ಮುಂಬೈಯಲ್ಲಿ ಬ್ರೌನ್ ಶುಗರ್‌ಗೆ ಹಾಗನ್ನುತ್ತಾರೆ. ಕಲಬೆರಕೆ ಹೆರಾಯಿನ್ ಅದು. ಬೆಳ್ಳಿ ಕಾಗದದ ಮೇಲೆ ಪುಡಿ ಇಟ್ಟು, ಕೆಳಗಿಂದ ಲೈಟರ್ ಹಿಡಿದು, ಸುರುಳಿ ಮಾಡಿದ ನೋಟಿನಲ್ಲಿ ಹೊಗೆ ಎಳೆಯುತ್ತಾರೆ.

ಒಂದು ಸಲ ರಜೆಗೆ ಬಂದಾಗ ಅವನ ಪ್ಯಾಂಟ್ ಒಗೆಯಲು ಹೋದ ಅಮ್ಮನಿಗೆ ಜೇಬಲ್ಲಿ ಅಂಥ ಬೆಳ್ಳಿ ಕಾಗದದ ನಾಲ್ಕೈದು ತುಂಡು ಸಿಕ್ಕಿತ್ತು. ಒಂದೊಂದರ ಮೇಲೂ ಕಪ್ಪು ಗೆರೆ, ಬಸವನಹುಳು ಹರಿದು ಹೋದ ಹಾಗೆ. ಚಾಕಲೇಟಿನ ಕಾಗದ ಅಂತ ಅಮ್ಮ ಒಲೆಗೆ ಹಾಕಿದರು. ಮಾರನೇ ದಿನ ಅವನಿಗೆ ಒಂದೇ ಸಮ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಭೇದಿ, ತೋಳಿನ ರೋಮ ಎಲ್ಲ ನೆಟ್ಟಗೆ ನಿಂತಿತ್ತು. ರಾತ್ರಿಯಿಡೀ ಕಾಲು ಒದರುತ್ತಿದ್ದ. ಜ್ವರ ಅಂದುಕೊಂಡು ಕಷಾಯ ಕೊಟ್ಟೆವು. ಅವನು ಸಂಜೆಯ ರೈಲಿಗೆ ಮುಂಬೈಗೆ ಹೋಗಿಬಿಟ್ಟ. ಅದು ಜ್ವರ ಅಲ್ಲ, ನಶೆ ಸಿಗದಾಗ ಮೈ ಪಡುವ ಸಂಕಟ, ಅದಕ್ಕೆ ಟರ್ಕಿ ಅನ್ನುತ್ತಾರೆ. ಹೆರಾಯಿನ್ ನಿಂತು ಎಂಟು ಹತ್ತು ಗಂಟೆಗೆ ಶುರುವಾಗಿ, ಎರಡು ಮೂರನೇ ದಿನಕ್ಕೆ ಜೋರಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಊರಿಗೆ ಬಂದಾಗಲೆಲ್ಲ ಹೀಗೆ "ಜ್ವರ" ಬರುತ್ತಿದ್ದರೆ, ದಯವಿಟ್ಟು ಒಂದು ಸಲ ಕೂತು ಕೇಳಿ.

ಎರಡು ವರ್ಷದ ಮೇಲೆ ಅವನೇ ಹೇಳಿಕೊಂಡ. ಆಗ ಸೂಜಿಯಲ್ಲಿ ಚುಚ್ಚಿಕೊಳ್ಳುವವರೆಗೆ ಹೋಗಿತ್ತು. ಅಪ್ಪಯ್ಯ ಎರಡು ದಿನ ಊಟ ಬಿಟ್ಟರು. ಯಾರಿಗೂ ಗೊತ್ತಾಗಬಾರದು ಅನ್ನುವುದೊಂದೇ ನಮ್ಮ ತಲೆಯಲ್ಲಿ. ಮೊದಲು "ಅವರಿಗೆ ತಿಳಿಯದ ಹಾಗೆ ಊಟದಲ್ಲಿ ಬೆರೆಸಿ" ಅನ್ನುವ ಪುಡಿ ತರಿಸಿದೆವು. ಆರು ಸಾವಿರ ಹೋಯಿತು, ಏನೂ ಆಗಲಿಲ್ಲ. ಆಮೇಲೆ ಪರಿಚಯದವರೊಬ್ಬರು ಈ ಕೇಂದ್ರದ ನಂಬರ್ ಕೊಟ್ಟರು.

ಕೇಂದ್ರದ ಹೆಸರು ಬರೆಯುವುದಿಲ್ಲ. ಇಂಥವು ಒಂದೇ ಇಲ್ಲ, ಬೋರ್ಡ್ ಬದಲಾಗುತ್ತಿರುತ್ತದೆ. ಫೋನಿನಲ್ಲಿ ಮಾತಾಡಿದವರು ತುಂಬ ಸಮಾಧಾನದಿಂದ ಮಾತಾಡಿದರು. ಮೂರು ತಿಂಗಳಿಗೆ 45 ಸಾವಿರ. ಮನೆಯಿಂದ ಕರೆದೊಯ್ಯಲು ಬೇರೆ 8 ಸಾವಿರ. "ಅವನಿಗೆ ಮೊದಲೇ ಹೇಳಬೇಡಿ, ಓಡಿಹೋಗ್ತಾನೆ" ಅಂದರು. ರಾತ್ರಿ ಹನ್ನೊಂದಕ್ಕೆ ವ್ಯಾನ್ ಬಂತು, ನಾಲ್ಕು ಜನ ಇಳಿದರು. ಮಲಗಿದ್ದವನನ್ನು ಎಬ್ಬಿಸಿ, ಕೈ ಹಿಂದಕ್ಕೆ ಹಿಡಿದು, ಬರಿಗಾಲಲ್ಲಿ ಎಳೆದುಕೊಂಡು ಹೋದರು. ಅವನು "ಅಕ್ಕಾ" ಅಂತ ನನ್ನ ಕಡೆ ತಿರುಗಿದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನ ಒಳ್ಳೇದಕ್ಕೆ ಅಂದುಕೊಂಡಿದ್ದೆ.

45 ದಿನ ಭೇಟಿ ಇಲ್ಲ, ಫೋನ್ ಇಲ್ಲ. ಕೇಳಿದರೆ "ಚೆನ್ನಾಗಿದ್ದಾನೆ, ನೀವು ಮೆತ್ತಗಾದರೆ ಅವನು ಕೆಡ್ತಾನೆ" ಅನ್ನುತ್ತಿದ್ದರು.

ಒಳಗೆ ನಡೆದದ್ದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಹೋದ ರಾತ್ರಿಯೇ ತಲೆ ಬೋಳಿಸಿದರು. ಕಿಟಕಿಗೆ ತಗಡು ಹೊಡೆದ ಕೋಣೆ, ಒಂದು ಬಕೆಟ್, ಒಳಗೆ ಮೂರು ಜನ. ಡಾಕ್ಟರ್ ಬರಲಿಲ್ಲ. ಒಂದು ಮಾತ್ರೆ ಸಹ ಇಲ್ಲ. ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ನೆಲದ ಮೇಲೆ ವಾಂತಿ ಮಾಡಿದ್ದಕ್ಕೆ ಪೈಪಿನಲ್ಲಿ ಹೊಡೆದರು. ಹೊಡೆದವರೂ ಅಲ್ಲಿಗೆ ಚಟ ಬಿಡಲು ಬಂದವರೇ, ಹಳಬರನ್ನೇ ಕಾವಲಿಗೆ ಹಾಕಿದ್ದರು. ಪಕ್ಕದಲ್ಲಿದ್ದವರೊಬ್ಬರು ಐವತ್ತು ದಾಟಿದ ಕುಡುಕರು. ಎರಡನೇ ರಾತ್ರಿ ಅವರಿಗೆ ಫಿಟ್ಸ್ ಬಂತು. ನನ್ನ ತಮ್ಮ ಬಾಗಿಲು ಬಡಿದು ಬಡಿದು ಕೂಗಿದರೆ ಹೊರಗಿಂದ "ನಾಟಕ, ಮಲಕೋ" ಅಂದರಂತೆ. ಅವರ ತಲೆ ನೆಲಕ್ಕೆ ಬಡಿಯದ ಹಾಗೆ ಇವನು ಬೆಳಗಿನವರೆಗೂ ತನ್ನ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ. ತುಂಬ ಕುಡಿಯುವವರು ಕುಡಿತವನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಅಂತ ಆಮೇಲೆ ಡಾಕ್ಟರ್ ಹೇಳಿದರು. ಹೆರಾಯಿನ್ ಟರ್ಕಿಯಿಂದಲೇ ಸಾಯುವುದು ಕಡಿಮೆ, ಆದರೆ ವಾಂತಿ ಭೇದಿಯಲ್ಲಿ ನೀರು ಕಳೆದುಕೊಂಡು ಸಾಯಬಹುದು.

92ನೇ ದಿನ ಮನೆಗೆ ಬಂದ. ಕೆನ್ನೆ ತುಂಬಿಕೊಂಡಿತ್ತು. "ಪೂರ್ತಿ ಕ್ಲೀನ್ ಆಗಿದ್ದಾನೆ" ಅಂದರು. ಅಮ್ಮ ಹರಕೆ ತೀರಿಸಿದರು, ಮನೆಯಲ್ಲಿ ಪಾಯಸ ಮಾಡಿದೆವು. ಮುಂದೇನು ಅಂತ ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಹೋಟೆಲಿನಿಂದ ಬರಬೇಕಾದ ಸಂಬಳ ತರುತ್ತೇನೆ ಅಂತ ಹೊರಟಾಗ ನಾವೇ ಮತ್ಸ್ಯಗಂಧ ರೈಲಿಗೆ ಹತ್ತಿಸಿದೆವು.

ಮನೆಗೆ ಬಂದ ಒಂಬತ್ತನೇ ದಿನ ಅವನ ಹಳೇ ರೂಮಿನಿಂದ ಬೈಂದೂರಿನ ಹುಡುಗನೊಬ್ಬ ಫೋನ್ ಮಾಡಿದ. ಬಾತ್‌ರೂಮಿನ ಬಾಗಿಲು ಒಡೆದು ತೆಗೆದೆವು, ತುಟಿ ನೀಲಿಯಾಗಿತ್ತು, ಗೊರಗೊರ ಸದ್ದು ಬಿಟ್ಟರೆ ಉಸಿರೇ ಇರಲಿಲ್ಲ, ಆಸ್ಪತ್ರೆಯಲ್ಲಿದ್ದೇವೆ ಅಂದ. ಅಲ್ಲಿ ನಾಲೊಕ್ಸೋನ್ ಅನ್ನುವ ಚುಚ್ಚುಮದ್ದು ಕೊಟ್ಟರು. ಎರಡು ಮೂರು ನಿಮಿಷದಲ್ಲಿ ಕಣ್ಣು ಬಿಟ್ಟು "ನಂಗೆ ಎಂತ ಆಗ್ಲಿಲ್ಲ, ಮನೆಗೆ ಹೋಪ" ಅಂದನಂತೆ. ಡಾಕ್ಟರ್ ಬಿಡಲಿಲ್ಲ. ಒಂದು ಗಂಟೆಯ ಒಳಗೆ ಮತ್ತೆ ಮಂಪರಿಗೆ ಜಾರಿದ. ಆ ಮದ್ದಿನ ಶಕ್ತಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ, ಹೆರಾಯಿನ್ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರಬಹುದು. ಆವತ್ತು ಎದ್ದ ಕೂಡಲೇ ಕರೆದುಕೊಂಡು ಹೊರಟಿದ್ದರೆ ಟ್ಯಾಕ್ಸಿಯಲ್ಲೇ ಪ್ರಾಣ ಹೋಗುತ್ತಿತ್ತು.

ನಾನು ತಲುಪಿದ ಮೇಲೆ ಆ ಡಾಕ್ಟರ್ ಕೂರಿಸಿ ಕೇಳಿದ ಮೊದಲ ಪ್ರಶ್ನೆ: "ಇವನು ಎಷ್ಟು ದಿನದಿಂದ ಬಿಟ್ಟಿದ್ದ?" ಮೂರು ತಿಂಗಳು ಅಂದೆ, ಒಂದು ಥರ ಹೆಮ್ಮೆಯಿಂದಲೇ. ಅವರು ತಲೆ ಆಡಿಸಿ, "ಅದಕ್ಕೇ ಹೀಗಾಯ್ತು" ಅಂದರು.

ವರ್ಷಗಟ್ಟಲೆ ತೆಗೆದುಕೊಳ್ಳುವಾಗ ಮೈ ಆ ಅಳತೆಗೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟರೆ ಆ ತಾಳಿಕೆ ಹೋಗಿಬಿಡುತ್ತದೆ. ಆಸೆ ಮಾತ್ರ ಹೋಗಿರುವುದಿಲ್ಲ. ಕೈಗೆ ಗೊತ್ತಿರುವುದು ಹಳೇ ಅಳತೆ. ಅದನ್ನೇ ತೆಗೆದುಕೊಂಡಾಗ ಉಸಿರು ನಿಲ್ಲುತ್ತದೆ. ಕೇಂದ್ರದಿಂದಲೋ, ಜೈಲಿನಿಂದಲೋ, ಆಸ್ಪತ್ರೆಯಿಂದಲೋ ಹೊರಬಂದ ಮೊದಲ ವಾರಗಳೇ ಎಲ್ಲಕ್ಕಿಂತ ಅಪಾಯದ ದಿನಗಳು. ನಾವು ಪಾಯಸ ಮಾಡಿದ್ದು ಆ ದಿನಗಳಲ್ಲಿ. ಟರ್ಕಿ ದಾಟಿಸುವುದು ಚಿಕಿತ್ಸೆಯ ಬಾಗಿಲಷ್ಟೇ, ಒಳಗಿನ ಮನೆ ಬೇರೆ ಇದೆ ಅನ್ನುವುದು ನನಗೆ ತಿಳಿದದ್ದು ಆವತ್ತು.

ಅಲ್ಲಿಯೇ ಅವನಿಗೆ ಬುಪ್ರೆನಾರ್ಫಿನ್ ಶುರು ಮಾಡಿದರು. ನಾಲಿಗೆಯ ಅಡಿ ಇಟ್ಟು ಕರಗಿಸುವ ಮಾತ್ರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರ ಹೆಸರನ್ನೇ ನಮಗೆ ಯಾರೂ ಹೇಳಿರಲಿಲ್ಲ. ಹೆರಾಯಿನ್ ಮೆದುಳಿನಲ್ಲಿ ಹೋಗಿ ಕೂರುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಟರ್ಕಿ ಬರುವುದಿಲ್ಲ, ಆಸೆ ತಗ್ಗುತ್ತದೆ, ಕೆಲಸಕ್ಕೆ ಹೋಗಬಹುದು. ಮೇಲಿಂದ ಹೆರಾಯಿನ್ ತೆಗೆದುಕೊಂಡರೂ ಮೊದಲಿನಷ್ಟು ಏರುವುದಿಲ್ಲ. ಮೆಥಡೋನ್ ಅಂತ ಇನ್ನೊಂದಿದೆ, ಕುಡಿಯುವ ದ್ರವ, ನಮ್ಮ ದೇಶದಲ್ಲಿ ಕೆಲವೇ ಕಡೆ ಸಿಗುತ್ತದೆ. ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸೂಜಿ ಬಳಸುವವರಿಗೆ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರದ ಒಎಸ್‌ಟಿ, ಅಂದರೆ ಹೆರಾಯಿನ್ ಬದಲಿಗೆ ಇಂಥ ಔಷಧ ಕೊಡುವ ಕೇಂದ್ರಗಳಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಆಗಲೇ ಮಾಡಿಸಿದರು. ಮಾಡಿಸಲೇಬೇಕು.

ಸ್ವಂತ ಬುದ್ಧಿಯಿಂದ ಇದನ್ನು ಶುರು ಮಾಡಬೇಡಿ. ಹೆರಾಯಿನ್ ಮೈಯಲ್ಲಿ ಇರುವಾಗಲೇ ತೆಗೆದುಕೊಂಡರೆ ಒಮ್ಮೆಗೇ ಭಯಂಕರ ಟರ್ಕಿ ಬರುತ್ತದೆ. ಕೊನೆಯ ಸಲ ತೆಗೆದುಕೊಂಡು ಸಾಮಾನ್ಯವಾಗಿ ಹನ್ನೆರಡು ಗಂಟೆಯಾದರೂ ಕಳೆದು, ಟರ್ಕಿ ಶುರುವಾದದ್ದನ್ನು ಡಾಕ್ಟರ್ ನೋಡಿಯೇ ಮೊದಲ ಮಾತ್ರೆ ಕೊಡುತ್ತಾರೆ. ಇದರ ಜೊತೆ ಕುಡಿತ, ನಿದ್ದೆ ಮಾತ್ರೆ ಸೇರಿದರೆ ಉಸಿರಿಗೆ ಕುತ್ತು. ಕರಗಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಹಲ್ಲು ಹಾಳಾಗಬಹುದು. ಮಕ್ಕಳ ಕೈಗೆ ಸಿಗದ ಹಾಗೆ ಬೀಗದಲ್ಲಿಡಿ.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಾಲ್ಟ್ರೆಕ್ಸೋನ್ ಅಂತ ಒಂದು ಮಾತ್ರೆ ಇದೆ. ಅದಕ್ಕೆ ಚಟ ಹತ್ತುವುದಿಲ್ಲ, ಹೆರಾಯಿನ್ ಕೂರುವ ಜಾಗವನ್ನೇ ಮುಚ್ಚಿಬಿಡುತ್ತದೆ. ಏಳರಿಂದ ಹತ್ತು ದಿನವಾದರೂ ಪೂರ್ತಿ ಬಿಟ್ಟಿರುವವರಿಗೆ ಮಾತ್ರ ಶುರು ಮಾಡಬಹುದು. ಮನೆಯವರೇ ಎದುರು ನಿಂತು ನುಂಗಿಸುವ ಹಾಗಿದ್ದರೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ನಡುವೆ ಬಿಟ್ಟರೆ ಇದರಲ್ಲೂ ಅದೇ ಅಪಾಯ ಇದೆ. ನನ್ನ ತಮ್ಮ 92 ದಿನ ಬಿಟ್ಟಿದ್ದ, ಆ ಮಾತ್ರೆ ಇದ್ದಿದ್ದರೆ ಅಮ್ಮ ದಿನಾ ಎದುರು ನಿಲ್ಲುತ್ತಿದ್ದರು. ಆ ಕೇಂದ್ರದಲ್ಲಿ ಒಬ್ಬ ಡಾಕ್ಟರ್ ಇದ್ದು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕಾನೂನಿನ ವಿಷಯವೂ ಆಮೇಲೆ ತಿಳಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾದಕ ವಸ್ತುವಿನ ಚಟಕ್ಕೆ ಸಂಬಂಧಪಟ್ಟ ಕಾಯಿಲೆಯೂ ಸೇರಿದೆ. ಇಂಥವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಒಪ್ಪದವನನ್ನು ಸೇರಿಸಬೇಕಾದರೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಡಾಕ್ಟರ್ ಇಲ್ಲವೇ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಆಗಲೂ ಮೊದಲಿಗೆ 30 ದಿನಕ್ಕೆ ಮಾತ್ರ. ಸರಪಳಿ ಹಾಕುವ ಹಾಗಿಲ್ಲ. ಫೋನ್, ಭೇಟಿ ಅವನ ಹಕ್ಕು. ಬಲವಂತವಾಗಿ ತಲೆ ಬೋಳಿಸಬಾರದು ಅಂತ ಸಹ ಆ ಕಾಯ್ದೆಯಲ್ಲಿ ಬರೆದಿದೆ. ಅದನ್ನು ಓದಿದ ದಿನ ನಾನು ಅತ್ತೆ.

ಹಾಗಾಗಿ ಯಾವ ಕೇಂದ್ರವೇ ಆಗಲಿ, ದುಡ್ಡು ಕೊಡುವ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ, ಅವರ ಜೊತೆ ಮಾತಾಡಿಸಿ ಅನ್ನಿ. ಟರ್ಕಿಗೆ ಏನು ಔಷಧ ಕೊಡುತ್ತೀರಿ, ಮನೆಗೆ ಬಂದ ಮೇಲೆ ಏನು ಅಂತ ಕೇಳಿ. ಮಲಗುವ ಕೋಣೆ ನೋಡಬೇಕು ಅನ್ನಿ. "ಔಷಧ ಬೇಡ, ಅದೂ ಒಂದು ನಶೆ", "ರಾತ್ರಿ ಬಂದು ನಾವೇ ಎತ್ತಿಕೊಂಡು ಹೋಗ್ತೀವಿ", "ನೂರಕ್ಕೆ ನೂರು ಗ್ಯಾರಂಟಿ" ಅನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ಕೇಂದ್ರಗಳೂ ಇವೆ, ಅವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪೊಲೀಸರ ಭಯಕ್ಕೆ ಸುಮ್ನೆ ಕೂರಬೇಡಿ. ಸೇವನೆಯ ಇಲ್ಲವೇ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಮುಂದಾದರೆ, ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಇನ್ನೊಂದು ವಿಷಯ ಮನೆಯವರೆಲ್ಲ ತಿಳಿದಿರಲಿ. ಕರೆದರೂ ಏಳದೆ, ಕಣ್ಣ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿ, ಗೊರಕೆಯ ಥರ ಸದ್ದು ಬರುತ್ತಾ ಉಸಿರು ನಿಧಾನವಾಗಿದ್ದರೆ ಅದು ನಿದ್ದೆಯಲ್ಲ. 108ಕ್ಕೆ ಫೋನ್ ಮಾಡಿ. ಉಸಿರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಇಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ. ಡಾಕ್ಟರ್ ಹತ್ತಿರ ನಾಚಿಕೆ ಬಿಟ್ಟು ಹೆರಾಯಿನ್ ಅಂತ ಹೇಳಿ. ಬೈಂದೂರಿನ ಆ ಹುಡುಗ ಹಾಗೆ ಹೇಳಿದ್ದಕ್ಕೇ ನನ್ನ ತಮ್ಮ ಉಳಿದ.

ಈಗ ಎರಡು ವರ್ಷ ದಾಟಿತು. ನಡುವೆ ಒಂದು ಸಲ ಜಾರಿದ, ಮಾರನೇ ದಿನ ಅವನೇ ಡಾಕ್ಟರ್ ಹತ್ತಿರ ಹೋಗಿ ಹೇಳಿದ. ಊರಲ್ಲೇ ಕೆಲಸ ಹಿಡಿದಿದ್ದಾನೆ. ಮಾತ್ರೆ ಇನ್ನೂ ನಡೆಯುತ್ತಿದೆ, ನಿಲ್ಲಿಸಲು ನಮಗೂ ಅವಸರ ಇಲ್ಲ, ಡಾಕ್ಟರಿಗೂ ಇಲ್ಲ. ಕ್ಷೌರದ ಅಂಗಡಿಗೆ ಮಾತ್ರ ಅವನು ಇವತ್ತಿಗೂ ಹೋಗುವುದಿಲ್ಲ. ಮಷಿನ್ನಿನ ಸದ್ದು ಕೇಳಿದರೆ ಎದ್ದು ಬರುತ್ತಾನೆ. ತಿಂಗಳಿಗೊಂದು ಭಾನುವಾರ ಹಿತ್ತಲಲ್ಲಿ ಸ್ಟೂಲ್ ಹಾಕಿ ನಾನೇ ಕತ್ತರಿಯಲ್ಲಿ ಕೂದಲು ಕತ್ತರಿಸುತ್ತೇನೆ. ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ಬಂದು ಕೂರುತ್ತಾನೆ. ಅದು ಕರಗುವವರೆಗೆ ಮಾತಾಡುವ ಹಾಗಿಲ್ಲ. ನಾನೂ ಮಾತಾಡುವುದಿಲ್ಲ.