ಪ್ರಭಾತ್ ರಸ್ತೆಯ ಮೆಟ್ಟಿಲ ಕೆಳಗಿನ ಅಂಗಡಿ: ಜೀನ್ಸ್‌ಗೆ ಹೋಗಿ, ಹಿತ್ತಾಳೆ ಸಾಮಾನಿಗೆ ಬೇಡ

ಪುಣೆಯಲ್ಲಿ ಮೈಗೆ ಸರಿಹೊಂದುವ ಜೀನ್ಸ್ ಹುಡುಕಿ ಸುಸ್ತಾದ ಹೆಂಗಸರಿಗೆ ಮೊದಲೇ ಹೇಳಿಬಿಡುತ್ತೇನೆ, ಡೆಕ್ಕನ್ ಕಡೆಯಿಂದ ಪ್ರಭಾತ್ ರಸ್ತೆಗೆ ಬನ್ನಿ. ಅಲ್ಲಿನ ಒಂದು ಗಲ್ಲಿಯಲ್ಲಿ, ಹಳೇ ಬಂಗಲೆಯ ಮೆಟ್ಟಿಲ ಕೆಳಗೆ, ಒಂದು ಪುಟ್ಟ ಬುಟೀಕ್ ಇದೆ. ಬೋರ್ಡನ್ನು ಬೋಗನ್‌ವಿಲ್ಲಾ ಬಳ್ಳಿ ಮುಚ್ಚಿಬಿಟ್ಟಿದೆ. ಕೋಥ್ರೂಡಿನ ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಅದು ‘ಮೆಟ್ಟಿಲ ಕೆಳಗಿನ ಅಂಗಡಿ’. ದಸರೆಗೆ ಹೊಸ ಮಾಲು ಬಂದಿದೆ ಅಂತ ಗೊತ್ತಾಗಿ ಹೋದೆ. ಬಟ್ಟೆ, ಜೀನ್ಸ್, ಮನೆ ಅಲಂಕಾರದ ಸಾಮಾನು ಮೂರೂ ಇವೆ. ಮೂರೂ ಒಂದೇ ಮಟ್ಟದವು ಅಂತ ಮಾತ್ರ ಹೇಳಲಾರೆ.

ನನ್ನದು ಕುಳ್ಳು ಮೈ. ಸೊಂಟ ಸಣ್ಣ, ಅದರ ಕೆಳಗೆ ಧಾರಾಳ. ಮಾಲ್‌ಗಳಲ್ಲಿ ಕೊಂಡ ಜೀನ್ಸೆಲ್ಲ ಕೂತ ಕೂಡಲೇ ಹಿಂದೆ ಬಾಯಿ ಬಿಡುತ್ತವೆ. ಕಾರಣ ಸೊಂಟಪಟ್ಟಿ. ಪಟ್ಟಿಯನ್ನು ನೇರವಾಗಿ ಕತ್ತರಿಸಿದರೆ ಬಟ್ಟೆ ಉಳಿಯುತ್ತದೆ, ಹೊಲಿಯೋದೂ ಸುಲಭ. ಆದರೆ ಹೆಂಗಸರ ಸೊಂಟ ನೀರಿನ ಪೈಪಲ್ಲವಲ್ಲ! ಇಲ್ಲಿ ಹೊಸದಾಗಿ ಬಂದಿರುವ ಹೈ-ವೇಸ್ಟ್ ಜೀನ್ಸ್‌ನಲ್ಲಿ ಪಟ್ಟಿಯನ್ನು ಬಾಗಿಸಿ ಕತ್ತರಿಸಿದ್ದಾರೆ. ಹಿಂದಿನ ಜೇಬಿನ ಮೇಲೆ ವಿ ಆಕಾರದ ಜೋಡಣೆ ಇರುತ್ತಲ್ಲ, ಯೋಕ್ ಅಂತಾರೆ, ಅದಕ್ಕೂ ಒಳ್ಳೆ ಇಳಿಜಾರು ಕೊಟ್ಟಿದ್ದಾರೆ. ಕೂತೆ, ಬಗ್ಗಿದೆ, ಅಲ್ಲೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದೆ. ಸೊಂಟ ಸೊಂಟದಲ್ಲೇ ಇತ್ತು.

ಬಟ್ಟೆ 10 ಔನ್ಸಿನದು. ಡೆನಿಮ್ ತೂಕವನ್ನು ಒಂದು ಚದರ ಗಜಕ್ಕೆ ಇಷ್ಟು ಔನ್ಸ್ ಅಂತ ಲೆಕ್ಕ ಹಾಕುತ್ತಾರೆ. ಗಟ್ಟಿ ಜೀನ್ಸ್ 12ರಿಂದ 14 ಔನ್ಸ್ ಇರುತ್ತದೆ. ಪುಣೆಯ ಏಪ್ರಿಲ್ ಬಿಸಿಲಿಗೆ ಅದನ್ನು ಯಾರು ಹಾಕುತ್ತಾರೆ? ಜುಲೈನಲ್ಲಂತೂ ಬಾಲ್ಕನಿಯಲ್ಲಿ ಒಣಗದೆ ವಾಸನೆ ಬರುತ್ತದೆ. ನಮಗೆ 10 ಸಾಕು. ಶೇ 98 ಹತ್ತಿ, ಶೇ 2 ಎಲಾಸ್ಟೇನ್, ಅಂದರೆ ರಬ್ಬರಿನಂತೆ ಹಿಗ್ಗುವ ನೂಲು. ಎಲಾಸ್ಟೇನ್ ಜಾಸ್ತಿ ಇದ್ದರೆ ಟ್ರಯಲ್ ರೂಮಿನಲ್ಲಿ ಹಿತ, ಮನೆಗೆ ಬಂದ ಮೇಲೆ ಮೊಣಕಾಲು ಜೋತು ಬೀಳುತ್ತದೆ.

ಮತ್ತೆ ಜೇಬು! ಮುಂದಿನ ಜೇಬಿನಲ್ಲಿ ಮಣಿಕಟ್ಟಿನ ತನಕ ಕೈ ಇಳಿಯಿತು. ಫೋನ್ ಪೂರ್ತಿ ಮುಳುಗಿತು. ಜೇಬಿನ ಮೂಲೆ ಕಿತ್ತು ಬರದಂತೆ ತಾಮ್ರದ ರಿವೆಟ್ ಬಡಿಯುವ ಉಪಾಯಕ್ಕೆ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬ ದರ್ಜಿ ಪೇಟೆಂಟ್ ತೆಗೆದುಕೊಂಡಿದ್ದು 1873ರಲ್ಲಿ. ಅದೇ ಕಂಪನಿ ಹೆಂಗಸರಿಗೆ ಅಂತ ಜೀನ್ಸ್ ತಂದಿದ್ದು 1934ರಲ್ಲಿ. ಅಷ್ಟು ವರ್ಷ ಕಾದವರಿಗೆ ಇವತ್ತಿಗೂ ಕೆಲವು ಬ್ರ್ಯಾಂಡ್‌ಗಳು ಬಾಯಿ ಹೊಲಿದ ಸುಳ್ಳು ಜೇಬು ಕೊಡುತ್ತವೆ. ಸಿಟ್ಟು ಬರಲ್ವಾ?

ಬೆಲೆ 1,850 ರೂಪಾಯಿ. ಉದ್ದ ಕಡಿಮೆ ಮಾಡೋಕೆ 150 ಬೇರೆ. ಈ 150 ಕೊಡಲೇಬೇಕು, ಯಾಕೆಂದರೆ ಒಳಗೆ ಕೂರುವ ಟೈಲರ್ ಕೆಲಸ ಅಷ್ಟು ಚೊಕ್ಕ. ಸಾಮಾನ್ಯವಾಗಿ ಕೆಳಗೆ ಕತ್ತರಿಸಿ, ಮಡಿಚಿ, ಹೊಸದಾಗಿ ಹೊಲಿದು ಕೊಡುತ್ತಾರೆ. ಅಂಚಿನಲ್ಲಿ ಉಜ್ಜಿದಂತೆ ಬೆಳ್ಳಗಾಗಿರುವ ಜೀನ್ಸಿನ ಕಳೆ ಅಲ್ಲಿಗೆ ಹೋಯಿತು. ಈಕೆ ಮೂಲ ಅಂಚನ್ನು ಹಾಗೇ ಉಳಿಸಿ, ಅದರ ಮೇಲಿನ ಬಟ್ಟೆಯನ್ನು ಮಾತ್ರ ಕತ್ತರಿಸಿ, ಅಂಚನ್ನು ವಾಪಸ್ ಕೂಡಿಸುತ್ತಾಳೆ. ಜೋಡಣೆ ಹೊಲಿಗೆಯ ಪಕ್ಕದಲ್ಲೇ ಅಡಗುತ್ತದೆ. ನಾನು ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು.

ಒಂದು ಎಚ್ಚರಿಕೆ. ಕಡುನೀಲಿ ಜೀನ್ಸ್ ತೊಗೊಂಡರೆ ಶುರುವಿನಲ್ಲಿ ಒಳಮೈ ಹೊರಗೆ ಬರುವಂತೆ ತಿರುವಿ, ಬೇರೆಯಾಗಿ ಒಗೆಯಿರಿ. ಇಂಡಿಗೋ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ. ಉಜ್ಜಿದರೆ ಬಿಡುತ್ತದೆ. ತಿಳಿ ಬಣ್ಣದ ಸೋಫಾ ಇರುವವರು ನೆನಪಿಡಿ.

ಕುರ್ತಾಗಳ ಬಗ್ಗೆ ಹೇಳೋದು ಕಡಿಮೆ. ಅಜ್ರಖ್ ಅಚ್ಚಿನವು ಚೆನ್ನಾಗಿವೆ, ಅಳತೆ ಮಾತ್ರ ಬಿಗಿ. ನಿಮ್ಮ ಸೈಜಿಗಿಂತ ಒಂದು ದೊಡ್ಡದು ಕೇಳಿ. ಬಿಳಿ ಮಲ್ ಅನ್ನೋ ತೆಳು ಹತ್ತಿ ಬಟ್ಟೆಯ ಸೆಟ್‌ಗೆ ಒಳಗೆ ಲೈನಿಂಗ್ ಇಲ್ಲ, ಬಿಸಿಲಿಗೆ ನಿಂತರೆ ಎಲ್ಲಾ ಕಾಣುತ್ತದೆ. ಬಿಡಿ.

ಆದರೆ ಒಂದು ಡೆನಿಮ್ ಜಾಕೆಟ್ ಬಗ್ಗೆ ಹೇಳಲೇಬೇಕು. ಬಾಗಿಲಲ್ಲೇ ತೂಗುಹಾಕಿದ್ದಾರೆ. ಬೆನ್ನ ಮೇಲೆ ಗೋಪುರ, ಅದರ ಎರಡು ಪಕ್ಕ ನವಿಲು. ಚೀಟಿಯಲ್ಲಿ ‘ಧಾರವಾಡ ಹ್ಯಾಂಡ್ ಕಸೂತಿ’, 4,200 ರೂಪಾಯಿ. ನಾನು ಧಾರವಾಡದವಳು. ಅಮ್ಮ ಇಳಕಲ್ ಸೀರೆಯ ಸೆರಗಿಗೆ ಇದೇ ಗೋಪುರ ಹಾಕುತ್ತಿದ್ದಳು. ಕಸೂತಿ ಕಂಡರೆ ಮೊದಲು ಕೈ ಹೋಗೋದು ಹಿಂಬದಿಗೆ. ಅದಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಯಾದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಬಟ್ಟೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕೋದು. ಡೆನಿಮ್‌ನದು ಒತ್ತಾದ ಓರೆ ನೇಯ್ಗೆ, ಎಳೆ ಎಣಿಸೋದು ಕಷ್ಟ. ಕೈಯಲ್ಲೇ ಮಾಡಬೇಕೆಂದರೆ ಮೇಲೆ ಜಾಳು ಬಟ್ಟೆ ಕೂರಿಸಿ ಕಸೂತಿ ಹಾಕಿ, ಆಮೇಲೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಜಾಕೆಟ್ ತಿರುವಿದೆ. ಗೋಪುರದ ಹಿಂದೆ ಪೂರ್ತಿ ಬಿಳಿ ಬಾಬಿನ್ ದಾರ, ಅಂದರೆ ಮಷೀನಿನ ಕೆಳಗಿನ ದಾರ. ಅಂಚಲ್ಲಿ ಮಷೀನ್ ಹೊಲಿಗೆಗೆ ಆಧಾರವಾಗಿ ಇಡುವ ಗಟ್ಟಿ ಕಾಗದ ಹರಿದು ಉಳಿದ ಚೂರು. ಶುದ್ಧ ಮಷೀನ್ ಕೆಲಸ.

ಅಂಗಡಿಯವರಿಗೆ ಮರಾಠಿಯಲ್ಲೇ ಹೇಳಿದೆ. ಅವರು ವಾದ ಮಾಡಲಿಲ್ಲ. ತಂದುಕೊಟ್ಟವರು ಹಾಗೆ ಹೇಳಿದ್ದರು ಅಂದರು. ಪೆನ್ ತೆಗೆದು ‘ಹ್ಯಾಂಡ್’ ಅನ್ನೋದನ್ನು ಹೊಡೆದು ಹಾಕಿದರು. ಬೆಲೆ ಹೊಡೆಯಲಿಲ್ಲ! ಮಷೀನ್ ಕಸೂತಿ ಅಂತ ಗೊತ್ತಿದ್ದೂ ಇಷ್ಟವಾದರೆ ತೊಗೊಳ್ಳಿ, ನೋಡೋಕೆ ಚಂದವೇ ಇದೆ. 4,200ಕ್ಕೆ ಮಾತ್ರ ಬೇಡ. ಇಲ್ಲಿ ಏನನ್ನು ಬೇಕಾದರೂ ತಿರುವಿ ನೋಡಬಹುದು, ಯಾರೂ ಮುಖ ಗಂಟು ಹಾಕುವುದಿಲ್ಲ. ಅದಕ್ಕೇ ನಾನು ಮತ್ತೆ ಹೋಗುತ್ತೇನೆ.

ಮನೆ ಸಾಮಾನಿನಲ್ಲಿ ಕಣ್ಣು ಮುಚ್ಚಿ ತೊಗೊಳ್ಳಬಹುದಾದದ್ದು ಖಣದ ದಿಂಬಿನ ಕವರ್, ಒಂದಕ್ಕೆ 450. ಪುಣೆಯಲ್ಲಿ ಈಗ ಖಣದ ಹುಚ್ಚು. ತೋರಣ, ಪರ್ಸು, ಡೈರಿ, ಎಲ್ಲದಕ್ಕೂ ಖಣ. ಇದು ತಮ್ಮದೇ ಅಂತ ಇಲ್ಲಿಯವರ ನಂಬಿಕೆ. ಅವರೂ ಖಣ-ತೆಂಗಿನಕಾಯಿ ಇಟ್ಟು ಉಡಿ ತುಂಬುತ್ತಾರೆ, ಹಾಗಾಗಿ ತಪ್ಪೇನಿಲ್ಲ. ಆದರೆ ಅದಕ್ಕೆ ಹೆಸರಾದ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಈ ಅಂಗಡಿಯ ಚೀಟಿಯಲ್ಲಿ ಗುಳೇದಗುಡ್ಡ ಅಂತಲೇ ಬರೆದಿದ್ದಾರೆ, ಓದಿ ಖುಷಿಯಾಯಿತು. ಖಣದ ಪನ್ನ ಕಡಿಮೆ, ಕುಪ್ಪಸಕ್ಕೆ ಅಂತ ನೇಯ್ದದ್ದು. ಹಾಗಾಗಿ ಕವರ್‌ಗೆ ಎರಡು ತುಂಡು ಕೂಡಿಸಲೇಬೇಕು. ಆ ಜೋಡಣೆಯನ್ನು ಮುಚ್ಚದೆ, ಎರಡು ಅಂಚುಗಳನ್ನು ನಟ್ಟನಡುವೆ ಪಟ್ಟಿಯಂತೆ ಇಳಿಸಿದ್ದಾರೆ. ಒಳ್ಳೆ ತಲೆ.

ಖಣದ್ದೇ ಲ್ಯಾಂಪ್ ಶೇಡ್ ಇದೆ, ಅದು ಪಾಲಿಯೆಸ್ಟರ್. ಮುಟ್ಟಿದರೆ ಜಾರುತ್ತದೆ. ಬಲ್ಬಿನ ಬಿಸಿಗೆ ಅದನ್ನು ಒಡ್ಡಲು ನನಗೆ ಧೈರ್ಯವಿಲ್ಲ. ಹಿತ್ತಾಳೆ ಉರುಳಿ, ಗಂಟೆ, ದೀಪದ ಕಂಬ ಎಲ್ಲ ಇಲ್ಲಿನ ಹಳೇ ಪೇಟೆ ತುಳಶಿಬಾಗ್‌ನಲ್ಲಿ ಇದಕ್ಕಿಂತ ಅಗ್ಗ, ಅಲ್ಲಿ ಚೌಕಾಸಿಯೂ ಮಾಡಬಹುದು. ನವಲಗುಂದದ ಜಮಖಾನ ತರಿಸಿ ಅಂತ ಹೇಳಿ ಬಂದಿದ್ದೇನೆ. ನೋಡೋಣ.

ಅಂಗಡಿ ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್, ಪುಣೆ ಅಲ್ವಾ. ಟ್ರಯಲ್ ರೂಮ್ ಒಂದೇ, ಅದರ ಪರದೆಯೂ ಗಿಡ್ಡ, ಶನಿವಾರ ಸಂಜೆ ಹೋದರೆ ಕ್ಯೂ. ಗಾಡಿ ನಿಲ್ಲಿಸಲು ಜಾಗ ಸಿಗೋದಿಲ್ಲ, ಡೆಕ್ಕನ್ ಜಿಮ್‌ಖಾನಾ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ರಿಕ್ಷಾ ಹಿಡಿಯಿರಿ. ಉದ್ದ ಕಡಿಮೆ ಮಾಡಿಸಿದ ಜೀನ್ಸನ್ನು ವಾಪಸ್ ತೊಗೊಳ್ಳುವುದಿಲ್ಲ. ಅದಕ್ಕೆ ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ, ಅಳತೆ ಕೊಡುವಾಗ ಅದು ಕಾಲಲ್ಲಿರಲಿ.